ಚಿಪ್ಸ್ ಇಟ್ಟು 13 ಎಲೆಯ ರಮ್ಮಿ ಆಡುವುದು: ಬಿಲ್ಲೆಗಳ ಲೆಕ್ಕ ಹೇಗಿರಬೇಕು?

ಹೊಸ ಕೈ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಹಲವು ತಿಂಗಳಿಂದ 13 ಎಲೆಯ ರಮ್ಮಿ ಆಡುತ್ತಿದ್ದೇವೆ. ಇದುವರೆಗೆ ಅಂಕಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆವು. ಈಚೆಗೆ ಬಿಳಿ, ಕೆಂಪು, ಹಸಿರು ಬಣ್ಣದ ಚಿಪ್ಸ್ ಪೆಟ್ಟಿಗೆಯೊಂದು ಕೈಗೆ ಬಂದಿದೆ. ಅದರಲ್ಲಿ ಆಡಿದರೆ ಆಟಕ್ಕೆ ಬಿಗಿ ಬರುತ್ತದೆಂದು ಎಣಿಸಿದ್ದೆವು, ಆದರೆ ಮೊದಲ ಮೂರು ಸಂಜೆಗಳೂ ಗೊಂದಲದಲ್ಲೇ ಮುಗಿದವು. ಹಣದ ಮಾತು ನಮ್ಮ ನಡುವೆ ಇಲ್ಲ, ಬಿಲ್ಲೆಗಳು ಸೋಲುಗೆಲುವಿನ ಲೆಕ್ಕಕ್ಕೆ ಮಾತ್ರ.

ಗೊಂದಲ ಎರಡು ಕಡೆ ಹುಟ್ಟಿತು. ಒಬ್ಬರ ಬಳಿ 15ರಷ್ಟು ಬಿಲ್ಲೆ ಉಳಿದಿದ್ದಾಗ ಅವರು 43 ಅಂಕಕ್ಕೆ ಸೋತರು; ಉಳಿದ 28ನ್ನು ಯಾರು ಕೊಡಬೇಕೆಂಬುದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಇನ್ನೊಂದು ಕೈಯಲ್ಲಿ, ಅಂದರೆ ಇನ್ನೊಂದು ಸಲ ಎಲೆ ಹಂಚಿ ಆಡಿದಾಗ, ನಾನೇ ತಪ್ಪು ಶೋ ಮಾಡಿದೆ: ಎಲೆಗಳು ಸರಿಯಾಗಿ ಜೋಡಿಯಾಗದಿದ್ದರೂ ಆಟ ಮುಗಿಯಿತೆಂದು ತೆರೆದಿಟ್ಟೆ. ದಂಡ 80 ಎಂಬುದನ್ನು ಎಲ್ಲರೂ ಒಪ್ಪಿದರು, ಆದರೆ ಆ 80 ಯಾರಿಗೆ ಸೇರಬೇಕೆಂಬ ಮಾತಿನಲ್ಲೇ ಸಂಜೆ ಕಳೆದುಹೋಯಿತು. ಬಿಲ್ಲೆಗಳನ್ನು ಇಟ್ಟು ಆಡುವ ಕ್ರಮವನ್ನು ಮೊದಲಿನಿಂದ ತಿಳಿಸುವಿರಾ?

ಹದಿಮೂರೆಲೆ ಬರೆದಿದ್ದಾರೆ:

ನಿಮ್ಮ ಎರಡು ಪ್ರಶ್ನೆಗಳಿಗೂ ಮೂಲ ಒಂದೇ. ಕಾಗದದ ಮೇಲಿನ ಅಂಕಕ್ಕೆ ಮಿತಿಯಿಲ್ಲ, ಎಷ್ಟು ಬೇಕಾದರೂ ಬರೆಯಬಹುದು. ಬಿಲ್ಲೆಗೆ ಮಿತಿಯಿದೆ, ಮತ್ತು ಒಬ್ಬರ ಕೈಯಿಂದ ಹೋದದ್ದು ಇನ್ನೊಬ್ಬರ ಕೈಗೆ ಬರಲೇಬೇಕು. ಆದ್ದರಿಂದ ಬಿಲ್ಲೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ಎಲೆ ಹಂಚುವ ಮುನ್ನವೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.

ಆಟದ ನಿಯಮ ನಿಮಗೆ ಗೊತ್ತಿರುವುದರಿಂದ ಬೇಗ ಹೇಳಿಬಿಡುತ್ತೇನೆ. ನಾಲ್ವರಿಗೆ ಎರಡು ಕಟ್ಟು, ಪ್ರತಿ ಕಟ್ಟಿಗೆ ಒಂದು ಅಚ್ಚಿನ ಜೋಕರ್, ಒಟ್ಟು 106 ಎಲೆ. ತಲಾ 13 ಹಂಚಿ, ಒಂದನ್ನು ತಿರುಗಿಸಿ, ಆ ಸಂಖ್ಯೆಯ ಎಲೆಗಳೆಲ್ಲ ಆ ಕೈಯ ಜೋಕರ್ (ಯಾವ ಎಲೆಯ ಜಾಗದಲ್ಲಾದರೂ ಕೂರುವಂಥವು) ಎಂದು ಅದನ್ನು ಮುಚ್ಚಿದ ಕಟ್ಟಿನ ಅಡಿಗೆ ಅಡ್ಡಲಾಗಿ ಇಡುತ್ತೇವೆ. ಇನ್ನೊಂದನ್ನು ಪಕ್ಕದಲ್ಲಿ ತೆರೆದಿಡುತ್ತೇವೆ. ಹದಿಮೂರೂ ಎಲೆಗಳನ್ನು ಸೀಕ್ವೆನ್ಸ್ ಮತ್ತು ಸೆಟ್‌ಗಳಲ್ಲಿ ಜೋಡಿಸಬೇಕು. ಸೀಕ್ವೆನ್ಸ್ ಎಂದರೆ ಒಂದೇ ಬಣ್ಣದ, ಅಂದರೆ ಇಸ್ಪೀಟ್, ಆಟೀನ್ ಮುಂತಾದ ಒಂದೇ ಗುರುತಿನ, ಸಾಲಾಗಿ ಬರುವ ಎಲೆಗಳು; ಸೆಟ್ ಎಂದರೆ ಬೇರೆ ಬೇರೆ ಬಣ್ಣದ ಒಂದೇ ಸಂಖ್ಯೆಯ ಎಲೆಗಳು. ಕನಿಷ್ಠ ಎರಡು ಸೀಕ್ವೆನ್ಸ್ ಇರಬೇಕು, ಅವುಗಳಲ್ಲಿ ಒಂದಾದರೂ ಜೋಕರ್ ನೆರವಿಲ್ಲದ ಪ್ಯೂರ್ ಸೀಕ್ವೆನ್ಸ್ ಆಗಿರಬೇಕು. ಎಕ್ಕ, ರಾಜ, ರಾಣಿ, ಗುಲಾಮ ತಲಾ 10 ಅಂಕ, ಉಳಿದವಕ್ಕೆ ಮುಖದ ಮೇಲಿನ ಸಂಖ್ಯೆ, ಜೋಕರ್‌ಗಳಿಗೆ ಸೊನ್ನೆ. ಪ್ಯೂರ್ ಇಲ್ಲದೆ ಸಿಕ್ಕಿಬಿದ್ದವರಿಗೆ ಕೈಯಲ್ಲಿರುವ ಎಲ್ಲ ಎಲೆಗಳೂ ಲೆಕ್ಕಕ್ಕೆ ಬರುತ್ತವೆ, ಆದರೆ ಮೊತ್ತ 80ಕ್ಕೆ ನಿಲ್ಲುತ್ತದೆ.

ಈ 80ರ ಮಿತಿಯ ಮೇಲೆಯೇ ಬಿಲ್ಲೆಗಳ ಲೆಕ್ಕವೆಲ್ಲ ನಿಂತಿದೆ. ಒಂದು ಕೈಯಲ್ಲಿ ಯಾರೂ 80ಕ್ಕಿಂತ ಹೆಚ್ಚು ಕಳೆದುಕೊಳ್ಳಲಾರರು ಎಂದಮೇಲೆ, ಎಷ್ಟು ಕೈ ಆಡುತ್ತೀರೋ ಅಷ್ಟು 80ಗಳನ್ನು ಪ್ರತಿಯೊಬ್ಬರಿಗೂ ಮೊದಲೇ ಕೊಟ್ಟುಬಿಟ್ಟರೆ ಬಿಲ್ಲೆ ಸಾಲದೆ ಹೋಗುವ ಪ್ರಸಂಗವೇ ಬರುವುದಿಲ್ಲ. ಡೀಲ್ಸ್ ರಮ್ಮಿ ಎಂಬ ಬಗೆಯಲ್ಲಿ ಹೀಗೆಯೇ ಮಾಡುತ್ತಾರೆ: ಎರಡು ಡೀಲ್‌ಗೆ 160, ಮೂರಕ್ಕೆ 240. ನೀವು ನಾಲ್ವರಿರುವುದರಿಂದ ಎಲ್ಲರಿಗೂ ಒಮ್ಮೊಮ್ಮೆ ಹಂಚುವ ಸರದಿ ಬರುವಂತೆ ನಾಲ್ಕು ಕೈಗಳನ್ನು ಒಂದು ಸುತ್ತು ಎಂದಿಟ್ಟುಕೊಳ್ಳಿ, ತಲಾ 320 ಕೊಡಿ. 15 ಬಿಲ್ಲೆ ಹಿಡಿದವರು 43ಕ್ಕೆ ಸೋಲುವ ಪರಿಸ್ಥಿತಿ ಆಗ ಹುಟ್ಟುವುದೇ ಇಲ್ಲ.

ಬಿಳಿ 1, ಕೆಂಪು 5, ಹಸಿರು 25 ಎಂಬುದು ರೂಢಿಯ ಬೆಲೆ. ಪ್ರತಿಯೊಬ್ಬರಿಗೂ 20 ಬಿಳಿ, 10 ಕೆಂಪು, 10 ಹಸಿರು ಕೊಟ್ಟರೆ 20, 50, 250 ಸೇರಿ ಸರಿಯಾಗಿ 320 ಆಗುತ್ತದೆ. ನಾಲ್ವರಿಗೂ ಒಟ್ಟು 160 ಬಿಲ್ಲೆ ಸಾಕು. ಬಿಳಿಯಲ್ಲಿ ಕಂಜೂಸು ಮಾಡಬೇಡಿ. ರಮ್ಮಿಯಲ್ಲಿ 17, 43, 9 ಎಂಬಂತಹ ಬಿಡಿ ಮೊತ್ತಗಳೇ ಹೆಚ್ಚು ಬರುವುದರಿಂದ, ಚಿಲ್ಲರೆ ಇಲ್ಲದಿದ್ದರೆ ಪ್ರತಿ ಕೈಗೂ ಬದಲಾಯಿಸಿಕೊಳ್ಳುತ್ತ ಕೂರಬೇಕಾಗುತ್ತದೆ.

ಕೈ ಮುಗಿದ ಮೇಲೆ ಎಲ್ಲರೂ ಒಮ್ಮೆಲೇ ಬಿಲ್ಲೆ ನೂಕಬಾರದು. ಗೆದ್ದವರ ಎಡಗಡೆಯಿಂದ ಶುರುಮಾಡಿ ಒಬ್ಬೊಬ್ಬರೇ ತಮ್ಮ ಎಲೆಗಳನ್ನು ತೆರೆದಿಟ್ಟು, ಮೊತ್ತವನ್ನು ಗಟ್ಟಿಯಾಗಿ ಹೇಳಿ, ಎಣಿಸಿ ಕೊಡಬೇಕು. ಒಬ್ಬರು 43ಕ್ಕೆ ಸೋತಿದ್ದಾರೆ ಎನ್ನಿ: ಒಂದು ಹಸಿರು, ಮೂರು ಕೆಂಪು, ಮೂರು ಬಿಳಿ. ಇನ್ನೊಬ್ಬರು 18ಕ್ಕೆ: ಮೂರು ಕೆಂಪು, ಮೂರು ಬಿಳಿ. ಡ್ರಾಪ್ ಆದವರ, ಅಂದರೆ ಎಲೆ ನೋಡಿದ ಕೂಡಲೇ ಆ ಕೈಯನ್ನು ಬಿಟ್ಟವರ, 20 ಆಗಲೇ ನಡುವೆ ಕೂತಿರುತ್ತದೆ. ಗೆದ್ದವರಿಗೆ ಒಟ್ಟು 81. ಸುತ್ತು ಮುಗಿದಾಗ ಎಲ್ಲರ ಬಿಲ್ಲೆಗಳನ್ನೂ ಕೂಡಿಸಿದರೆ 1,280 ಬರಲೇಬೇಕು, ಬಾರದಿದ್ದರೆ ಎಲ್ಲೋ ಕೊಡುಕೊಳ್ಳುವಿಕೆ ತಪ್ಪಿದೆ. ಕಾಗದದ ಲೆಕ್ಕದಲ್ಲಿ ಇಷ್ಟು ಸುಲಭವಾದ ತಾಳೆ ಸಿಗುವುದಿಲ್ಲ. ಬಿಲ್ಲೆಗಳ ಬಗ್ಗೆ ನನಗಿರುವ ಪ್ರೀತಿಗೆ ಇದೇ ದೊಡ್ಡ ಕಾರಣ.

ತಪ್ಪು ಶೋ ವಿಷಯಕ್ಕೆ ಬರುತ್ತೇನೆ. ತಪ್ಪಿದವರು 80ನ್ನು ಕೂಡಲೇ ಮೇಜಿನ ನಡುವೆ ಇಟ್ಟು, ತಮ್ಮ ಎಲೆಗಳನ್ನು ಮಗುಚಿ ಆ ಕೈಯಿಂದ ಹೊರಗುಳಿಯಬೇಕು. ಉಳಿದವರು ಆಟ ಮುಂದುವರಿಸುತ್ತಾರೆ, ಕೊನೆಗೆ ಸರಿಯಾದ ಶೋ ಮಾಡಿದವರು ನಡುವಿನದನ್ನೂ ಸೇರಿಸಿ ತೆಗೆದುಕೊಳ್ಳುತ್ತಾರೆ. ಆಟದಲ್ಲಿ ಇಬ್ಬರೇ ಉಳಿದಿದ್ದರೆ ಎದುರಿನವರಿಗೆ ಅಲ್ಲಿಯೇ ಗೆಲುವು. ತಪ್ಪು ಶೋ ಆದ ತಕ್ಷಣ ಮೂವರಿಗೂ ಹಂಚಿಬಿಡುವ ಪದ್ಧತಿಯನ್ನೂ ನೋಡಿದ್ದೇನೆ. ಅದರಲ್ಲಿ 80 ಮೂರು ಸಮಪಾಲಾಗುವುದಿಲ್ಲ, ಮೇಲಾಗಿ ಏನೂ ಗೆಲ್ಲದವರಿಗೂ ಬಿಲ್ಲೆ ಸಿಗುತ್ತದೆ. ಅದು ನನಗೆ ಸರಿ ಎನಿಸುವುದಿಲ್ಲ.

ಕಳಾವರ್ ರಾಣಿ ಬರೆದಿದ್ದಾರೆ:

ಹದಿಮೂರೆಲೆಯವರು ಹೇಳಿದ ಕ್ರಮ ಗಟ್ಟಿಯಾಗಿದೆ. ಆದರೆ ಬಿಲ್ಲೆ ಇಟ್ಟು ಆಡುವುದಕ್ಕೆ ಅದೊಂದೇ ದಾರಿಯಲ್ಲ, ಆದ್ದರಿಂದ ಪೂಲ್ ಆಟವನ್ನೂ ಹೇಳುತ್ತೇನೆ.

ಪೂಲ್ ಆಟದಲ್ಲಿ ಎಲ್ಲರೂ ಶುರುವಿನಲ್ಲೇ ಸಮವಾಗಿ, ಹತ್ತು ಹತ್ತು ಎನ್ನಿ, ನಡುವೆ ಇಡುತ್ತಾರೆ. ಅಲ್ಲಿಂದ ಮುಂದೆ ಬಿಲ್ಲೆ ಅಲುಗಾಡುವುದಿಲ್ಲ, ಅಂಕಗಳು ಕಾಗದದ ಮೇಲೆ ಏರುತ್ತ ಹೋಗುತ್ತವೆ. ಗೆದ್ದವರಿಗೆ ಸೊನ್ನೆ, ಸೋತವರಿಗೆ ಅವರವರ ಅಂಕ. 101 ಮುಟ್ಟಿದವರು ಹೊರಗೆ, ಕೊನೆಗೆ ಉಳಿದವರಿಗೆ ನಡುವಿನದೆಲ್ಲ. ಇನ್ನೂ ಉದ್ದದ ಆಟ ಬೇಕೆಂದರೆ 201ರ ಪೂಲ್ ಇದೆ. ಡ್ರಾಪ್ ಲೆಕ್ಕ 101ರಲ್ಲಿ ಮೊದಲಿಗೆ 20, ನಡುವೆ 40. 201ರಲ್ಲಿ 25 ಮತ್ತು 50.

ಹೊರಬಿದ್ದವರು ಮತ್ತೆ ಸೇರುವ ಅವಕಾಶವೂ ಉಂಟು. 101ರಲ್ಲಿ ಉಳಿದವರ ಪೈಕಿ ಯಾರೂ 79 ದಾಟಿರಬಾರದು, 201ರಲ್ಲಿ 174 ದಾಟಿರಬಾರದು. ಮತ್ತೆ ಸೇರುವವರು ಹೊಸದಾಗಿ ಬಿಲ್ಲೆ ಇಟ್ಟು, ಉಳಿದವರಲ್ಲಿ ಅತಿ ಹೆಚ್ಚು ಅಂಕ ಇರುವವರಿಗಿಂತ ಒಂದು ಅಂಕ ಹೆಚ್ಚಿಗೆ ಹೊತ್ತುಕೊಂಡು ಕೂರಬೇಕು. ಈ 79 ಮತ್ತು 174 ಎಲ್ಲಿಂದ ಬಂದವು ಎಂದು ಕೇಳುವವರಿದ್ದಾರೆ. 79 ಇರುವವರ ಮೇಲೆ ಒಂದು ಸೇರಿಸಿದರೆ 80. ಅಲ್ಲಿಂದ ಒಮ್ಮೆ ಡ್ರಾಪ್ ಆದರೆ 100, ಅಂದರೆ ಇನ್ನೂ ಆಟದಲ್ಲಿ ಉಳಿಯುತ್ತಾರೆ. 174ಕ್ಕೂ ಇದೇ ಲೆಕ್ಕ: 175ಕ್ಕೆ 25 ಸೇರಿದರೆ 200. ಮತ್ತೆ ಬಂದವರಿಗೆ ಕನಿಷ್ಠ ಒಂದು ಡ್ರಾಪ್‌ಗೆ ಜಾಗ ಇರಲೇಬೇಕು, ಅದಕ್ಕಿಂತ ಕಡಿಮೆಯಾದರೆ ಬಿಲ್ಲೆ ಇಟ್ಟು ಸೇರುವುದರಲ್ಲಿ ಅರ್ಥವಿಲ್ಲ.

ನನ್ನ ಅಭಿಪ್ರಾಯ ಇಷ್ಟು: ನಾಲ್ವರೂ ಇಡೀ ಸಂಜೆ ಕೂರುವವರಾದರೆ ಡೀಲ್ಸ್ ಒಳ್ಳೆಯದು, ಏಕೆಂದರೆ ಯಾರೂ ನಡುವೆ ಹೊರಬಿದ್ದು ಸುಮ್ಮನೆ ಕೂರಬೇಕಾಗುವುದಿಲ್ಲ. ಮಂದಿ ಹೆಚ್ಚಿದ್ದು, ಬಂದು ಹೋಗುವವರಿದ್ದರೆ ಪೂಲ್ ಸರಿ.

ಹೊಸ ಕೈ ಬರೆದಿದ್ದಾರೆ:

ಇಬ್ಬರಿಗೂ ಧನ್ಯವಾದಗಳು. ನಾಲ್ಕು ಕೈ, ತಲಾ 320 ಎಂಬುದು ನಮಗೆ ಹೊಂದುತ್ತದೆ. ಈಗ ಇನ್ನೊಂದು ಸಂದೇಹ. ಕಾಗದದ ಲೆಕ್ಕದಲ್ಲಿ ಆಡುವಾಗ ನಮ್ಮಲ್ಲಿ ಯಾರೂ ಡ್ರಾಪ್ ಆಗುತ್ತಿರಲಿಲ್ಲ. ಬಿಲ್ಲೆ ಬಂದ ಮೇಲೆ ಒಬ್ಬರು ಹತ್ತರಲ್ಲಿ ಆರು ಸಲ ಎಲೆ ನೋಡಿದ ಕೂಡಲೇ 20 ಇಟ್ಟು ಕೈ ಮುಗಿಸುತ್ತಾರೆ. ಅವರ ಲೆಕ್ಕ ಸರಿಯೇ? ಎಂಥ ಎಲೆ ಬಂದಾಗ ಡ್ರಾಪ್ ಆಗಬೇಕು?

ಲೆಕ್ಕದ ಪುಸ್ತಕ ಬರೆದಿದ್ದಾರೆ:

ಇದಕ್ಕೆ ಸಂಖ್ಯೆಗಳಲ್ಲೇ ಉತ್ತರ ಕೊಡಬಹುದು, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಕೈಯ ತೂಕ ನೋಡೋಣ. ಎಕ್ಕದಿಂದ ರಾಜನವರೆಗಿನ ಹದಿಮೂರು ಬಗೆಯ ಎಲೆಗಳನ್ನು ಒಂದೊಂದೇ ಕೂಡಿಸಿದರೆ 94 ಅಂಕ. ಅಂದರೆ ಜೋಕರ್ ಇಲ್ಲವೇ ಇಲ್ಲ ಎಂದುಕೊಂಡರೆ, ಹಂಚಿಬಂದ 13 ಎಲೆಗಳ ಸರಾಸರಿ ತೂಕವೂ 94. ಆರು ಸಂಖ್ಯೆಯ ಎಲೆ ಜೋಕರ್ ಆದ ಕೈಯಲ್ಲಿ ಆರುಗಳಿಗೂ ಅಚ್ಚಿನ ಜೋಕರ್‌ಗಳಿಗೂ ಸೊನ್ನೆ ಹಾಕಿ ಲೆಕ್ಕ ಮಾಡಿದರೆ ಸರಾಸರಿ ಸುಮಾರು 87ಕ್ಕೆ ಇಳಿಯುತ್ತದೆ. ಎರಡೂ 80ರ ಮಿತಿಗಿಂತ ಮೇಲೆ ಇವೆ ಎಂಬುದನ್ನು ಗಮನಿಸಿ. ಪ್ಯೂರ್ ಸೀಕ್ವೆನ್ಸ್ ಆಗುವ ಮೊದಲೇ ಯಾರಾದರೂ ಶೋ ಮಾಡಿಬಿಟ್ಟರೆ ಪೂರ್ತಿ 80 ಅಥವಾ ಅದರ ಹತ್ತಿರದ ಮೊತ್ತ ಕೊಡುವುದು ಸಹಜ; ಅದು ಅಪರೂಪದ ದುರದೃಷ್ಟವಲ್ಲ.

ಇನ್ನು ಜೋಕರ್‌ಗಳು. ಆರು ಸಂಖ್ಯೆಯ ಎಲೆ ಜೋಕರ್ ಎಂದರೆ ಎರಡು ಕಟ್ಟಿನಲ್ಲಿ ಎಂಟು ಆರುಗಳಿವೆ, ಒಂದು ಕಟ್ಟಿನ ಅಡಿಯಲ್ಲಿ ತೆರೆದಿದೆ, ಉಳಿದದ್ದು ಏಳು. ಅಚ್ಚಿನವು ಎರಡು ಸೇರಿ ಒಂಬತ್ತು. 105 ಎಲೆಗಳಲ್ಲಿ ಒಂಬತ್ತು ಎಂದಾಗ ಒಂದು ಕೈಗೆ ಸರಾಸರಿ ಒಂದಕ್ಕಿಂತ ತುಸು ಹೆಚ್ಚು ಬರುತ್ತದೆ. ಒಂದೂ ಬಾರದಿರುವ ಸಂಭವ ನೂರಕ್ಕೆ ಸುಮಾರು 29. ಜೋಕರ್ ಇಲ್ಲದ ಕೈ ಎಂದರೆ ಬಿಟ್ಟುಬಿಡಬೇಕು ಎಂದು ಹಟ ಹಿಡಿದವರು ಬರಿ ಅದೊಂದೇ ಕಾರಣಕ್ಕೆ ಹತ್ತು ಕೈಗಳಲ್ಲಿ ಹತ್ತಿರಹತ್ತಿರ ಮೂರನ್ನು ಬಿಟ್ಟಂತಾಗುತ್ತದೆ.

ಈಗ ಡ್ರಾಪ್. ನೀವು ಗೆದ್ದರೆ ಮೂವರಿಂದಲೂ ಸೇರಿ 60 ಬರುತ್ತದೆ, ಸೋತರೆ ಸರಾಸರಿ 35 ಹೋಗುತ್ತದೆ ಎಂದು ಇಟ್ಟುಕೊಳ್ಳಿ. ಡ್ರಾಪ್ ಆದರೆ 20 ಹೋಗುವುದು ಖಚಿತ. ಆಡಿದರೆ ಆಗುವ ನಷ್ಟ 20ಕ್ಕಿಂತ ಕಡಿಮೆ ಇರಬೇಕಾದರೆ ಗೆಲ್ಲುವ ಸಂಭವ ನೂರಕ್ಕೆ 16 ಇದ್ದರೆ ಸಾಕು. ನಾಲ್ವರಲ್ಲಿ ಒಬ್ಬರಾಗಿ ಕೂತವರಿಗೆ ಸಾಮಾನ್ಯ ಕೈಯಲ್ಲೇ ನೂರಕ್ಕೆ 25 ಸಿಗುತ್ತದೆ. ಅದೇ ಕೈ ಚದುರಿಹೋಗಿದ್ದು, ಸೋತರೆ ಸರಾಸರಿ 50 ಹೋಗುವಂತಿದ್ದರೆ ಬೇಕಾದ ಸಂಭವ ನೂರಕ್ಕೆ 27ಕ್ಕೆ ಏರುತ್ತದೆ, ಮತ್ತು ಅಂಥ ಕೈಗೆ ಅಷ್ಟು ಸಂಭವ ಇರುವುದಿಲ್ಲ. ನಿರ್ಧಾರ ಇರುವುದು ಈ ಎರಡರ ನಡುವೆ.

ಹತ್ತರಲ್ಲಿ ಆರು ಸಲ ಬಿಡುವ ನಿಮ್ಮ ಗೆಳೆಯರು ಅತಿಯಾಗಿ ಬಿಡುತ್ತಿದ್ದಾರೆ. ನಾಲ್ಕು ಕೈಗಳಲ್ಲೂ ಡ್ರಾಪ್ ಆದವರು 80 ಕಳೆದುಕೊಳ್ಳುತ್ತಾರೆ. ಒಂದು ಕೈಯನ್ನು ಪೂರ್ತಿ ಸೋತಷ್ಟೇ ಆಯಿತು ಅದು, ಗೆಲ್ಲುವ ಅವಕಾಶ ಮಾತ್ರ ಒಮ್ಮೆಯೂ ಇರಲಿಲ್ಲ. ನಾನು ನೋಡುವುದು ಎರಡನ್ನು ಮಾತ್ರ: ಪ್ಯೂರ್ ಸೀಕ್ವೆನ್ಸ್ ಕೈಯಲ್ಲಿದೆಯೇ, ಇಲ್ಲವಾದರೆ ಒಂದೇ ಎಲೆಯಿಂದ ಆಗುವಂತಿದೆಯೇ; ಎರಡನೆಯದು, ಜೋಕರ್ ಒಂದಾದರೂ ಇದೆಯೇ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ 20 ಇಟ್ಟು ಹೊರಬರುತ್ತೇನೆ. ಒಂದಕ್ಕೆ ಹೌದು ಎಂದರೂ ಆಡುತ್ತೇನೆ.

ನಡುವಿನ ಡ್ರಾಪ್ ಬೇರೆ ವಿಷಯ. ಒಮ್ಮೆ ಎಲೆ ಎತ್ತಿದ ಮೇಲೆ ಬಿಡುವುದಕ್ಕೆ 40. ಪ್ಯೂರ್ ಆದವರ ಕೈಯಲ್ಲಿ ಉಳಿದ ಬಿಡಿ ಎಲೆಗಳ ಮೊತ್ತ ನಾಲ್ಕಾರು ಸರದಿಗಳಲ್ಲಿ 40ರ ಕೆಳಗೆ ಬಂದಿರುತ್ತದೆ, ಅವರು 40 ಕೊಟ್ಟು ಹೊರಬರುವುದು ವ್ಯರ್ಥ. ಐದಾರು ಸರದಿ ಕಳೆದರೂ ಪ್ಯೂರ್ ಆಗದವರಿಗೆ, ಎದುರಿನವರು ಸಣ್ಣ ಎಲೆಗಳನ್ನೂ ಎಸೆಯತೊಡಗಿದಾಗ, ಆ 40 ಒಂದು ಆಸರೆ.

ಹೊಸ ಕೈ ಬರೆದಿದ್ದಾರೆ:

94ರ ಲೆಕ್ಕ ಓದಿ ಆಶ್ಚರ್ಯವಾಯಿತು. 80 ಎಂಬುದು ದೊಡ್ಡ ದಂಡ ಎಂದು ಇಷ್ಟು ದಿನ ತಿಳಿದಿದ್ದೆ. ಅದು ಸೋತವರಿಗೆ ಕೊಟ್ಟ ರಿಯಾಯಿತಿ ಎಂಬುದು ಈಗ ಅರ್ಥವಾಯಿತು. ಒಂದು ನಿಜವಾದ ಕೈಯನ್ನು ಎದುರಿಗಿಟ್ಟು ಹೇಳಲು ಸಾಧ್ಯವೇ? ನಿನ್ನೆ ನನಗೆ ಬಂದದ್ದು ಇದು. ಜೋಕರ್ ಕಳಾವರ್ ಆರು. ನನ್ನ ಎಲೆಗಳು: ಇಸ್ಪೀಟ್ 9, 10, ಗುಲಾಮ, ಆಟೀನ್ 4, 5, 7 ಮತ್ತು ಎಕ್ಕ, ಡೈಮಂಡ್ 6, 8, ರಾಜ, ಕಳಾವರ್ 2, 3, ರಾಜ. ನಾನು ಇದನ್ನು ಆಡಿದೆ, ಕೊನೆಗೆ 33ಕ್ಕೆ ಸೋತೆ.

ಹದಿಮೂರೆಲೆ ಬರೆದಿದ್ದಾರೆ:

ಆಡಿದ್ದು ಸರಿಯಾಗಿಯೇ ಇದೆ, ಈ ಕೈಯನ್ನು ಬಿಡಬಾರದು. ಬಿಡಿಸಿ ನೋಡೋಣ.

ಇಸ್ಪೀಟ್ 9, 10, ಗುಲಾಮ ಹಂಚಿಬಂದಾಗಲೇ ಪ್ಯೂರ್ ಆಗಿ ಕೂತಿದೆ. ಡೈಮಂಡ್ ಆರು ಈ ಕೈಯ ಜೋಕರ್. ಅದನ್ನು ಆಟೀನ್ 5 ಮತ್ತು 7ರ ನಡುವೆ ಇಟ್ಟರೆ ನಾಲ್ಕು ಎಲೆಯ ಎರಡನೆಯ ಸೀಕ್ವೆನ್ಸ್ ಆಯಿತು. ಎರಡೂ ಸೀಕ್ವೆನ್ಸ್ ಸಿದ್ಧವಾಗಿರುವುದರಿಂದ ಲೆಕ್ಕಕ್ಕೆ ಉಳಿಯುವುದು ಆರು ಎಲೆ: ಎರಡು ರಾಜ, ಕಳಾವರ್ 2 ಮತ್ತು 3, ಡೈಮಂಡ್ 8, ಆಟೀನ್ ಎಕ್ಕ. ಒಟ್ಟು 43. ಒಂದು ಎಲೆ ಎತ್ತುವ ಮೊದಲೇ ಯಾರಾದರೂ ಶೋ ಮಾಡಿದರೂ 43ಕ್ಕಿಂತ ಹೆಚ್ಚು ಹೋಗುವುದಿಲ್ಲ. ಇಲ್ಲಿ ಇನ್ನೊಂದು ಮಾತು. ಒಂದು ವೇಳೆ ಆಟೀನ್ ಆರು ಬಂದಿದ್ದರೆ ಅದು ತನ್ನ ಸ್ವಂತ ಜಾಗದಲ್ಲೇ ಕೂರುತ್ತಿತ್ತು, 4-5-6-7 ಕೂಡ ಪ್ಯೂರ್ ಎನಿಸಿ ಡೈಮಂಡ್ ಆರು ಬೇರೆಡೆಗೆ ಬಿಡುವಾಗುತ್ತಿತ್ತು. ಜೋಕರ್ ಆದ ಎಲೆ ತನ್ನದೇ ಬಣ್ಣದ ಸಾಲಿನಲ್ಲಿ ತನ್ನದೇ ಸಂಖ್ಯೆಯಾಗಿ ಕೂತರೆ ಸೀಕ್ವೆನ್ಸ್ ಪ್ಯೂರ್ ಆಗಿಯೇ ಉಳಿಯುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಈ ಆರು ಎಲೆಗಳನ್ನು ಎರಡು ಗುಂಪು ಮಾಡಬೇಕು. ರಾಜರಿಗೆ ಆಟೀನ್ ಅಥವಾ ಇಸ್ಪೀಟ್ ರಾಜ ಬೇಕು, ಎರಡು ಕಟ್ಟು ಸೇರಿ ಅಂಥವು ನಾಲ್ಕು. ಇನ್ನೊಂದು ಡೈಮಂಡ್ ರಾಜ ಬಂದರೆ ಪ್ರಯೋಜನವಿಲ್ಲ, ಸೆಟ್‌ನಲ್ಲಿ ಒಂದೇ ಬಣ್ಣ ಎರಡು ಸಲ ಬರುವಂತಿಲ್ಲ. ಕಳಾವರ್ 2-3ಕ್ಕೆ ಎಕ್ಕ ಅಥವಾ 4 ಬೇಕು, ಅವೂ ನಾಲ್ಕು. ಜೋಕರ್‌ಗಳು ಇನ್ನೂ ಎಂಟು ಹೊರಗಿವೆ. ಒಟ್ಟು 16. ನಿಮ್ಮ 13, ಜೋಕರ್ ಎಲೆ, ತೆರೆದಿಟ್ಟ ಎಲೆ ಇವಿಷ್ಟನ್ನು ಕಳೆದರೆ ನಿಮಗೆ ಕಾಣದ ಎಲೆಗಳು 91. ತೆರೆದ ಎಲೆ ಈ ಹದಿನಾರರಲ್ಲಿ ಒಂದಲ್ಲದಿದ್ದರೆ, ಪ್ರತಿ ಸಲ ಮುಚ್ಚಿದ ಕಟ್ಟಿನಿಂದ ಎತ್ತುವಾಗ ಆರರಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಅವಕಾಶವಿದೆ. ಗುಂಪಿಗೆ ಒಂದರಂತೆ ಅಂಥ ಎರಡು ಎಲೆ ಸಿಕ್ಕರೆ ಶೋ.

ಮೊದಲು ಎಸೆಯಬೇಕಾದ್ದು ಆಟೀನ್ ಎಕ್ಕ. ಅದು 10 ಅಂಕದ ಭಾರ, ಜೊತೆಗೆ ಈ ಕೈಯಲ್ಲಿ ಅದಕ್ಕೆ ಸಂಗಡಿಗರಿಲ್ಲ. ಎಕ್ಕ ಸೇರುವುದು ಎರಡೇ ಸಾಲುಗಳಿಗೆ, ಎಕ್ಕ-2-3 ಮತ್ತು ರಾಣಿ-ರಾಜ-ಎಕ್ಕ. ಎಂಟರಂಥ ನಡುವಿನ ಎಲೆ ಮೂರು ಸಾಲುಗಳಿಗೆ ಸೇರುತ್ತದೆ. ಮುಂದಿನ ಸರದಿಯಲ್ಲಿ ಡೈಮಂಡ್ 8. ಅಷ್ಟು ಹೊತ್ತಿಗೂ ಬೇಕಾದ ಎಲೆ ಬಾರದಿದ್ದರೆ ಆಗ ನಿಜವಾದ ಪ್ರಶ್ನೆ ಎದುರಾಗುತ್ತದೆ: 20 ಅಂಕದ ರಾಜ ಜೋಡಿಯನ್ನು ಎಷ್ಟು ಹೊತ್ತು ಹಿಡಿದುಕೊಳ್ಳಬೇಕು? ನೀವು 33ಕ್ಕೆ ಸೋತಿದ್ದೀರಿ ಎಂದರೆ ಕೊನೆಯವರೆಗೂ ಹಿಡಿದಿದ್ದಿರಿ ಎಂದು ತೋರುತ್ತದೆ. ಐದನೆಯ ಸರದಿಗೆ ನಾನು ಅದನ್ನು ಒಡೆದುಬಿಡುತ್ತಿದ್ದೆ. ಒಂದು ರಾಜನನ್ನು ಎಸೆದರೂ 10 ಬಿಲ್ಲೆ ಉಳಿಯುತ್ತದೆ.

ಕಳಾವರ್ ರಾಣಿ ಬರೆದಿದ್ದಾರೆ:

ಇಲ್ಲಿ ನಾನು ಒಪ್ಪುವುದಿಲ್ಲ. ಸರದಿ ಎಣಿಸಿ ಜೋಡಿ ಒಡೆಯುವುದು ಕುರುಡು ನಿಯಮ. ರಾಜರನ್ನು ಬೇರೆಯವರು ಎಸೆದಿದ್ದಾರೆಯೇ ಎಂದು ಮೊದಲು ನೋಡಬೇಕು. ಬೇಕಾದ ನಾಲ್ಕರಲ್ಲಿ ಎರಡು ರಾಜ ಆಗಲೇ ತೆರೆದ ರಾಶಿಯಲ್ಲಿ ಹೂತುಹೋಗಿದ್ದರೆ ಎರಡನೆಯ ಸರದಿಯಲ್ಲೇ ಒಡೆಯಿರಿ. ಒಂದೂ ಬಿದ್ದಿಲ್ಲವಾದರೆ, ಉಳಿದವರು ದೊಡ್ಡ ಎಲೆಗಳನ್ನು ಎಸೆಯಲು ಶುರುಮಾಡುವುದು ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ಸರದಿಯಲ್ಲಿ, ಮತ್ತು ಬಲಗಡೆಯವರು ಎಸೆದದ್ದು ನೇರವಾಗಿ ನಿಮ್ಮ ಎದುರಿಗೇ ಬರುತ್ತದೆ. ಎಡಕ್ಕೆ ಸುತ್ತುವ ಆಟದಲ್ಲಿ ನಿಮಗೆ ಎಲೆ ಕೊಡುವವರು ಬಲಗಡೆಯವರು, ನೀವು ಕೊಡುವುದು ಎಡಗಡೆಯವರಿಗೆ. ಎಡಗಡೆಯವರು ಹಿಂದಿನ ಸರದಿಯಲ್ಲಿ ರಾಣಿಯನ್ನೋ ಗುಲಾಮನನ್ನೋ ಎತ್ತಿಕೊಂಡಿದ್ದರೆ ಅದೇ ಬಣ್ಣದ ರಾಜನನ್ನು ಅವರ ಮುಂದೆ ಎಸೆಯುವುದು ಅವರ ಶೋ ಹತ್ತಿರ ತಂದಂತೆ. ಹತ್ತು ಉಳಿಸಲು ಹೋಗಿ ಕೈಯನ್ನೇ ಕೊಟ್ಟಂತಾಗುತ್ತದೆ.

ಹದಿಮೂರೆಲೆ ಬರೆದಿದ್ದಾರೆ:

ಎಡಗಡೆಯವರು ಏನು ಎತ್ತಿದ್ದಾರೆ ಎಂಬುದನ್ನು ನೋಡದೆ ಎಸೆಯಬಾರದು ಎಂಬ ನಿಮ್ಮ ಮಾತು ಸರಿ, ಅದನ್ನು ನಾನು ಹೇಳಬೇಕಿತ್ತು. ಆದರೆ ಯಾವ ಸುಳಿವೂ ಇಲ್ಲದಾಗ ಒಂದು ಗಡಿ ಬೇಕು. ಹೊಸದಾಗಿ ಬಿಲ್ಲೆ ಹಿಡಿದವರಿಗೆ ಐದನೆಯ ಸರದಿ ಎಂಬ ಗಡಿ ಉಪಯೋಗಕ್ಕೆ ಬರುತ್ತದೆ. ಎಸೆದ ಎಲೆಗಳನ್ನು ನೆನಪಿಡುವ ಅಭ್ಯಾಸ ಬಂದಂತೆ ಆ ಗಡಿಯನ್ನು ಬಿಡಬಹುದು.

ದೂರದ ಮೇಜು ಬರೆದಿದ್ದಾರೆ:

ಬಿಲ್ಲೆಗಳ ಚರ್ಚೆ ಬಂದಿರುವುದರಿಂದ ಪ್ಯಾಂಗಿಂಗಿ ಎಂಬ ಆಟವನ್ನು ಇಲ್ಲಿ ಹೇಳದೆ ಇರಲಾರೆ. ಅದೂ ರಮ್ಮಿಯ ಬಳಗದ್ದೇ, ಬಿಲ್ಲೆ ಇಲ್ಲದೆ ಅದನ್ನು ಆಡಲಾಗುವುದೇ ಇಲ್ಲ. 8, 9, 10 ತೆಗೆದ 40 ಎಲೆಯ ಕಟ್ಟುಗಳನ್ನು ಎಂಟರಷ್ಟು ಬಳಸುತ್ತಾರೆ, ಅಂದರೆ 320 ಎಲೆ. ತಲಾ ಹತ್ತು ಎಲೆ ಹಂಚಿ, ಹನ್ನೊಂದನ್ನು ಮೇಜಿನ ಮೇಲೆ ಇಳಿಸಿದವರು ಗೆಲ್ಲುತ್ತಾರೆ. ನಮ್ಮ ರಮ್ಮಿಗಿಂತ ಮುಖ್ಯವಾದ ವ್ಯತ್ಯಾಸವೆಂದರೆ ಅಲ್ಲಿ ಬಿಲ್ಲೆ ಕೈ ಬದಲಾಗುವುದು ಆಟದ ಕೊನೆಗೆ ಮಾತ್ರವಲ್ಲ. ಕೆಲವು ವಿಶೇಷ ಜೋಡಣೆಗಳನ್ನು ಇಳಿಸಿದ ಕ್ಷಣವೇ ಉಳಿದ ಪ್ರತಿಯೊಬ್ಬರೂ ಬಿಲ್ಲೆ ಕೊಡಬೇಕು. ಅದರಲ್ಲಿ 3, 5, 7 ಬೆಲೆಯುಳ್ಳ ಎಲೆಗಳು. ಕೊನೆಗೆ ಸೋತವರೂ ನಡುವೆ ಸಾಕಷ್ಟು ಗಳಿಸಿರಬಹುದು.

ಇದನ್ನು ಏಕೆ ಹೇಳಿದೆನೆಂದರೆ, ನಮ್ಮಲ್ಲಿ ಕೆಲವರು 13 ಎಲೆಯ ರಮ್ಮಿಗೂ ನಡುವೆ ಪಣ ಏರಿಸುವ ಪದ್ಧತಿ ಸೇರಿಸುತ್ತಾರೆ. ಪ್ಯೂರ್ ಆದವರು ಎರಡು ಬಿಲ್ಲೆ ಏರಿಸುವುದು, ಉಳಿದವರು ಅಷ್ಟೇ ಇಟ್ಟು ಮುಂದುವರಿಯುವುದು ಎಂಬಂತೆ. ನಾವು ಇದನ್ನು ಕೆಲವು ಸಂಜೆ ಆಡಿ ಕೈಬಿಟ್ಟೆವು. ಪ್ಯಾಂಗಿಂಗಿಯಲ್ಲಿ ಇಳಿಸಿದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ನಡುವಿನ ಬಿಲ್ಲೆಗೆ ಆಧಾರವಿದೆ. ನಮ್ಮ ಆಟದಲ್ಲಿ ಶೋ ಆಗುವವರೆಗೆ ಎಲ್ಲವೂ ಕೈಯೊಳಗೇ ಇರುತ್ತದೆ. ಪಣ ಏರಿಸಿದವರ ಬಳಿ ನಿಜವಾಗಿ ಪ್ಯೂರ್ ಇದೆಯೇ ಎಂದು ಯಾರಿಗೂ ತಿಳಿಯದು, ಜೋಡಣೆಯ ಆಟ ಮುಖ ನೋಡಿ ಊಹಿಸುವ ಆಟವಾಗಿಬಿಡುತ್ತದೆ. ರಮ್ಮಿಯ ರುಚಿ ಇರುವುದು ಎಸೆದ ಎಲೆ ಮತ್ತು ಎತ್ತಿದ ಎಲೆಯನ್ನು ಓದುವುದರಲ್ಲಿ, ಅದನ್ನು ಕಳೆದುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಲೆಕ್ಕದ ಪುಸ್ತಕ ಬರೆದಿದ್ದಾರೆ:

ಒಪ್ಪುತ್ತೇನೆ. ಲೆಕ್ಕದ ದೃಷ್ಟಿಯಿಂದ ಇನ್ನೊಂದು ತೊಡಕೂ ಇದೆ. ಪಣ ಏರಿಸಲು ಬಿಟ್ಟ ಕ್ಷಣವೇ 80ರ ಮಿತಿ ಒಡೆಯುತ್ತದೆ. ನಾಲ್ಕು ಕೈಗೆ 320 ಸಾಕು ಎಂಬ ಭರವಸೆ ಹೋಗಿ, 15 ಬಿಲ್ಲೆ ಇಟ್ಟುಕೊಂಡು 43 ಕೊಡಬೇಕಾದ ಹಳೆಯ ಪೇಚಿಗೇ ಮರಳುತ್ತೀರಿ.

ಹೊಸ ಕೈ ಬರೆದಿದ್ದಾರೆ:

ನಿನ್ನೆ ಸಂಜೆ ನಾಲ್ಕು ಕೈಗಳ ಪೂರ್ತಿ ಸುತ್ತು ಆಡಿದೆವು. ತಲಾ 320, ಡ್ರಾಪ್ 20 ಮತ್ತು 40, ತಪ್ಪು ಶೋಗೆ 80 ನಡುವೆ, ಪಣ ಏರಿಸುವಂತಿಲ್ಲ. ಇಷ್ಟನ್ನೂ ಒಂದು ರಟ್ಟಿನ ಮೇಲೆ ಬರೆದು ಮೇಜಿನ ಬದಿಯಲ್ಲಿ ಇಟ್ಟಿದ್ದೆವು. ಎರಡನೆಯ ಕೈ ಮುಗಿದಾಗ ಕೂಡಿಸಿ ನೋಡಿದರೆ 1,275 ಬಂತು. ಹುಡುಕಿದಾಗ ಒಂದು ಕೆಂಪು ಬಿಲ್ಲೆ ಎಲೆಗಳ ಪೆಟ್ಟಿಗೆಯ ಕೆಳಗೆ ಸಿಕ್ಕಿತು. ಹೆಚ್ಚಾಗಿ ಡ್ರಾಪ್ ಆಗುತ್ತಿದ್ದ ಗೆಳೆಯರು ಈ ಸಲ ಒಮ್ಮೆ ಮಾತ್ರ ಡ್ರಾಪ್ ಆದರು, ಕೊನೆಗೆ 371 ಬಿಲ್ಲೆಗಳೊಂದಿಗೆ ಎಲ್ಲರಿಗಿಂತ ಮುಂದಿದ್ದರು.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ನಾಲ್ವರಲ್ಲಿ ಮೂವರು ಡ್ರಾಪ್ ಆದರೆ ಉಳಿದ ಒಬ್ಬರು ಶೋ ಮಾಡಬೇಕೇ? ಮತ್ತು ಮುಚ್ಚಿದ ಕಟ್ಟು ಖಾಲಿಯಾದರೆ ಏನು ಮಾಡಬೇಕು? ಮೂರನೆಯ ಕೈಯಲ್ಲಿ ಅದರ ಸಮೀಪಕ್ಕೆ ಹೋಗಿದ್ದೆವು.

ಹದಿಮೂರೆಲೆ ಬರೆದಿದ್ದಾರೆ:

ಶೋ ಬೇಕಾಗಿಲ್ಲ. ಉಳಿದ ಒಬ್ಬರು ಎಲೆ ತೋರಿಸದೆಯೇ ನಡುವಿನ ಬಿಲ್ಲೆಗಳನ್ನು ತೆಗೆದುಕೊಳ್ಳುತ್ತಾರೆ, ಎಲೆಗಳನ್ನು ಹಾಗೆಯೇ ಮಗುಚಿ ಕಟ್ಟಿಗೆ ಸೇರಿಸುತ್ತಾರೆ.

ನಾಲ್ವರ ಆಟದಲ್ಲಿ ಹಂಚಿದ ಮೇಲೆ ಮುಚ್ಚಿದ ಕಟ್ಟಿನಲ್ಲಿ 52 ಎಲೆ ಇರುತ್ತವೆ, ಅಂದರೆ ಎಲ್ಲರೂ ಅಲ್ಲಿಂದಲೇ ಎತ್ತಿದರೆ ತಲಾ 13 ಸರದಿ. ಅದು ಮುಗಿದರೆ ತೆರೆದ ರಾಶಿಯ ಮೇಲಿನ ಒಂದು ಎಲೆಯನ್ನು ಅಲ್ಲೇ ಬಿಟ್ಟು, ಉಳಿದವನ್ನು ಚೆನ್ನಾಗಿ ಕಲಸಿ ಮುಚ್ಚಿದ ಕಟ್ಟಾಗಿ ಇಡಿ. ಕಲಸುವ ಕೆಲಸ ಆ ಕೈಯನ್ನು ಹಂಚಿದವರದು, ಕಟ್ಟು ಕತ್ತರಿಸುವುದು ಅವರ ಬಲಗಡೆಯವರದು. ಅಲ್ಲಿಯವರೆಗೆ ನೆನಪಿಟ್ಟುಕೊಂಡ ಎಲೆಗಳೆಲ್ಲ ಮತ್ತೆ ಆಟಕ್ಕೆ ಬರುತ್ತವೆ, ಆದ್ದರಿಂದ ಹೂತುಹೋದವೆಂದು ಕೈಬಿಟ್ಟ ರಾಜರ ಲೆಕ್ಕವನ್ನು ಆಗ ಮತ್ತೆ ಮೊದಲಿನಿಂದ ಹಾಕಿಕೊಳ್ಳಿ.